ರೋಗಿ ‘ಸಂಕಟ’ ಅಂದರೆ ಚಾರ್ಟಿನಲ್ಲಿ ಏನು ಬರೆಯಬೇಕು?

ಬಳಗದವರಿಗೆ ನಮಸ್ಕಾರ.

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷದ ಮಕ್ಕಳಿಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ರೋಗಿಯ ಜೊತೆ ಹೇಗೆ ಮಾತಾಡಬೇಕು, ಕೇಳಿದ್ದನ್ನು ನರ್ಸಸ್ ನೋಟ್ಸಿನಲ್ಲಿ ಹೇಗೆ ಬರೆಯಬೇಕು, ಇಷ್ಟೇ ವಿಷಯ. ತಲೆಬರಹದಲ್ಲೇ ಎಡವಿದೆ. ಡಾಕ್ಯುಮೆಂಟೇಶನ್‌ಗೆ ‘ದಾಖಲಾತಿ’ ಎಂದು ಹಾಕಿದ್ದೆ. ಕರಡು ನೋಡಿದ ಸಹೋದ್ಯೋಗಿ, “ಅಡ್ಮಿಷನ್ ಮಾಡಿಸೋದಕ್ಕೂ ಒಂದು ಪುಸ್ತಕ ಬೇಕಾ ಮೇಡಂ?” ಎಂದರು. ಅವರು ಕೇಳಿದ್ದು ಸರಿಯೇ. ಶಾಲೆಯಲ್ಲಿ ದಾಖಲಾತಿ ಎಂದರೆ ಸೇರ್ಪಡೆ, ಆಸ್ಪತ್ರೆಗೆ ‘ದಾಖಲಾದರು’ ಎಂದರೆ ಬೆಡ್ ಸಿಕ್ಕಿತು. ಅರಬ್ಬಿಯಿಂದ ಬಂದ ಈ ಪದದ ಮೂಲಾರ್ಥ ಒಳಹೊಗುವುದು. ಮನುಷ್ಯ ವಾರ್ಡಿನೊಳಕ್ಕೆ ಹೋದರೂ ದಾಖಲು, ಮಾತು ಕಾಗದದೊಳಕ್ಕೆ ಹೋದರೂ ದಾಖಲು. ‘ದಾಖಲೀಕರಣ’ ಅಂದರೆ ಸುತ್ತೋಲೆಯ ವಾಸನೆ. ಸದ್ಯಕ್ಕೆ ‘ಬರೆದಿಡುವುದು’ ಎಂದು ಬದಲಿಸಿದ್ದೇನೆ. ‘ಇಡು’ ಸೇರಿರುವುದರಿಂದ ಮುಂದಿನವರು ಓದಲಿ ಎಂಬುದೂ ಅದರಲ್ಲೇ ಬಂತು.

ನಿಜವಾದ ತೊಡಕು ಪುಸ್ತಕದ ಒಳಗಿದೆ. ನಾವು ಕಲಿಸುವ ಮೊದಲ ಪಾಠ: ರೋಗಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆ, ನೀನು ಕಂಡದ್ದು, ಅಳೆದದ್ದು, ಅಂದರೆ ನಾಡಿ, ಬಿಪಿ, ಜ್ವರ, ಇವನ್ನು ಬೇರೆಯಾಗಿ ಬರೆ. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1960ರ ದಶಕದಲ್ಲಿ ರೂಪಿಸಿದ ಪದ್ಧತಿಯಿಂದ ಬಂದ ‘ಸೋಪ್’ (SOAP: ರೋಗಿ ಹೇಳಿದ್ದು, ನಾವು ಕಂಡದ್ದು, ಅದರಿಂದ ಅಂದಾಜಿಸಿದ್ದು, ಮುಂದೆ ಮಾಡುವುದು) ಟಿಪ್ಪಣಿಯಲ್ಲಿ ಮೊದಲ ಅಕ್ಷರ ‘ಎಸ್’ (ಸಬ್ಜೆಕ್ಟಿವ್) ರೋಗಿಯ ಮಾತಿಗೇ ಮೀಸಲು. ಆದರೆ ನಮ್ಮಲ್ಲಿ ರೋಗಿ ಹೇಳುವುದು ಕನ್ನಡದಲ್ಲಿ, ಚಾರ್ಟ್ ಇರುವುದು ಇಂಗ್ಲಿಷಿನಲ್ಲಿ, ಎಷ್ಟೋ ವಾರ್ಡುಗಳಲ್ಲಿ ಸಿಸ್ಟರ್ ಕೇರಳದವರು. ಅವರದೇ ಮಾತು ಎಲ್ಲಿಂದ ತರುವುದು?

ಹಿಂದೊಮ್ಮೆ ರಾತ್ರಿ ಪಾಳಿಯಲ್ಲಿ, ಸಕ್ಕರೆ ಕಾಯಿಲೆಯ ಒಬ್ಬರು ಅಜ್ಜಿ “ಯಾಕೋ ಸಂಕಟ ಆಯ್ತದೆ ಕಣವ್ವ” ಎಂದರು. ನನ್ನ ವಿದ್ಯಾರ್ಥಿನಿ ‘ನಾಸಿಯಾ’ (ವಾಂತಿ ಬರುವಂತಾಗುವುದು) ಎಂದು ಬರೆದಳು. ನಿಘಂಟು ಹಿಡಿದು ನೋಡಿದರೆ ಪೂರ್ತಿ ತಪ್ಪೇನಲ್ಲ. ಬೆಳಗಿನವರು ಅದನ್ನು ಓದಿ ವಾಂತಿ ಮಾತ್ರೆಯ ಬಗ್ಗೆ ಯೋಚಿಸಿದರು. ಅಜ್ಜಿ ಹಾಗೆನ್ನುವಾಗ ಅಂಗೈಯನ್ನು ಎದೆಗೆ ಒತ್ತಿಕೊಂಡಿದ್ದರು, ಅದು ಕಾಗದಕ್ಕೆ ಬಂದಿರಲೇ ಇಲ್ಲ. ಇಸಿಜಿ ತೆಗೆದಾಗ ಕಥೆ ಬೇರೆಯಾಯಿತು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಎದೆನೋವಿಲ್ಲದೆ ಬರೀ ಸಂಕಟ, ಬೆವರು, ಏದುಸಿರಾಗಿ ಬರುವುದುಂಟು. ‘ಸಂಕಟ ಬಂದಾಗ ವೆಂಕಟರಮಣ’ ಅನ್ನುತ್ತೇವಲ್ಲ, ಈಗ ನನ್ನ ತರಗತಿಯಲ್ಲಿ ಸಂಕಟ ಬಂದಾಗ ಮೊದಲು ಇಸಿಜಿ, ವೆಂಕಟರಮಣ ಆಮೇಲೆ.

ಸಂಸ್ಕೃತದಲ್ಲಿ ‘ಸಂಕಟ’ ಎಂದರೆ ಇಕ್ಕಟ್ಟು, ಇರುಕಾದ ಜಾಗ. ಕನ್ನಡದಲ್ಲಿ ಅದು ಹೊಟ್ಟೆಗೂ ಎದೆಗೂ ಮನಸ್ಸಿಗೂ ಹರಡಿಕೊಂಡಿದೆ. ಪಕ್ಕದಲ್ಲೇ ತೊಳಸು, ಓಕರಿಕೆ, ಎದೆಯುರಿ, ಹುಳಿತೇಗು, ತಳಮಳ. ಇವೆಲ್ಲವನ್ನೂ ನುಂಗಿ ಕೂತಿರುವ ‘ಗ್ಯಾಸ್ಟ್ರಿಕ್’ ಒಂದಿದೆಯಲ್ಲ, ಅದನ್ನು ಕಂಡರೆ ನನಗೆ ಸಿಟ್ಟು. ಅದು ರೋಗಿಯ ಅನುಭವವಲ್ಲ, ರೋಗಿಯೇ ಕೊಟ್ಟುಕೊಂಡ ತೀರ್ಪು. ಹೀಗಾಗಿ ‘ಸಂಕಟ’ವನ್ನು ಹಾಗೇ ಕನ್ನಡದಲ್ಲೇ ಚಿಹ್ನೆಯೊಳಗೆ ಬರೆಯಿರಿ, ಕೈ ಎಲ್ಲಿಟ್ಟು ತೋರಿಸಿದರೆಂದು ಪಕ್ಕದಲ್ಲಿ ಸೇರಿಸಿ, ಗಂಟೆ ಹಾಕಿ ಸಹಿ ಮಾಡಿ ಎಂದು ಹೇಳಿಕೊಡುತ್ತಿದ್ದೇನೆ. ತಪ್ಪಾದರೆ ವೈಟ್ನರ್ ಬೇಡ, ಕೆಳಗಿನ ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದು ಸಹಿ. ‘ಚಿತ್ತುಕಾಟಿಲ್ಲದೆ ಬರಿ’ ಎಂದು ಬೈಸಿಕೊಂಡು ಬೆಳೆದ ಮಕ್ಕಳಿಗೆ ಕಾಟು ಹೊಡೆಯುವುದನ್ನು ಕಲಿಸುವುದೇ ಒಂದು ಸಾಹಸ.

‘ಹೊರಗೆ’ ಇನ್ನೊಂದು ಫಜೀತಿ. “ಹೊರಗೆ ಹೋಗಿಲ್ಲ” ಎಂದರೆ ಮಲಬದ್ಧತೆ, “ಹೊರಗಾಗಿಲ್ಲ” ಎಂದರೆ ಮುಟ್ಟು ನಿಂತಿದೆ. ಹಾಗೆಯೇ ಉತ್ತರ ಕರ್ನಾಟಕದ ‘ಬ್ಯಾನಿ’ ಬರೀ ನೋವೂ ಹೌದು, ಹೆರಿಗೆ ನೋವೂ ಹೌದು.

ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ಗೆ ‘ಒಪ್ಪಿಸುವುದು’ ಆದೀತೆ? ಹೊಣೆ ಒಪ್ಪಿಸುತ್ತೇವೆ, ಲೆಕ್ಕ ಒಪ್ಪಿಸುತ್ತೇವೆ. ಬಾಯಿಮಾತೂ ಜವಾಬ್ದಾರಿಯೂ ಒಟ್ಟಿಗೇ ಕೈ ಬದಲಾಗುವ ಈ ಕೆಲಸಕ್ಕೆ ಇಷ್ಟು ಹೊಂದುವ ಪದ ನನಗೆ ಬೇರೆ ಸಿಕ್ಕಿಲ್ಲ. ‘ಪಾಠ ಒಪ್ಪಿಸಿದ ಹಾಗೆ’ ಎಂಬ ಗಿಳಿಪಾಠದ ಛಾಯೆ ಮಾತ್ರ ಕಾಡುತ್ತಿದೆ. (ನಿಜ ಹೇಳಬೇಕೆಂದರೆ ಬೆಳಗಿನ ಏಳೂವರೆಗೆ ನಿದ್ದೆಗಣ್ಣಿನಲ್ಲಿ ನಾವು ಮಾಡುವುದು ಬಹುಪಾಲು ಅದನ್ನೇ.)

ಹುಡುಕುವಾಗ ಸಿಕ್ಕ ಇನ್ನೊಂದು: ‘ಶುಶ್ರೂಷೆ’ಯ ಧಾತು ‘ಶ್ರು’, ಅಂದರೆ ಕೇಳು. ಪಿಪಾಸೆ ಕುಡಿಯುವ ಬಯಕೆಯಾದಂತೆ ಶುಶ್ರೂಷೆ ಕೇಳುವ ಬಯಕೆ. ಕೇಳುವುದು ವಿಧೇಯತೆಯಾಗಿ, ವಿಧೇಯತೆ ಸೇವೆಯಾಗಿ ಅರ್ಥ ಜರುಗಿದೆ. ನಮ್ಮ ‘ಹೇಳಿದ ಮಾತು ಕೇಳು’ ಕೂಡ ಅದೇ ದಾರಿ ಹಿಡಿದದ್ದು.

ಬಲ್ಲವರಲ್ಲಿ ಕೋರಿಕೆ: ನಿಮ್ಮೂರಲ್ಲಿ ‘ಸಂಕಟ ಆಗ್ತಿದೆ’ ಎನ್ನುವವರು ಕೈಯನ್ನು ಎಲ್ಲಿಡುತ್ತಾರೆ, ಹೊಟ್ಟೆಯ ಮೇಲೋ ಎದೆಯ ಮೇಲೋ? ವಾಂತಿ ಬರುವಂತಾದರೆ ಅದೇ ಪದವೋ ಬೇರೆಯೋ? ಊರು, ತಾಲ್ಲೂಕು ಸಹಿತ ತಿಳಿಸಿದರೆ ಕೈಪಿಡಿಯ ಕೊನೆಯಲ್ಲಿ ಒಂದು ಪಟ್ಟಿ ಸೇರಿಸುವ ಆಸೆ ಇದೆ. ಕರಾವಳಿಯವರು, ಬೀದರ್ ಕಡೆಯವರು ಮುಖ್ಯವಾಗಿ ಬರೆಯಬೇಕು.