ಲಿಫ್ಟ್ ಇಲ್ಲದೆ ಜಿಮ್ನಿಗೆ ದೊಡ್ಡ ಟೈರ್ ಕೂರುತ್ತಾ?

ಪ್ರಶ್ನೆ (ಶಿರಸಿ ಕಡೆಯ ಸದಸ್ಯ): ಅಣ್ಣಾ, ನಮ್ಮ ತೋಟ ಯಾಣದ ದಾರಿಯಲ್ಲಿದೆ. ಮನೆ ಮುಟ್ಟಲು ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಮಳೆ ಬಿತ್ತೆಂದರೆ ಬರೀ ರಾಡಿ. ನಮ್ಮ ಮಾರುತಿ ಜಿಮ್ನಿಗೆ (ಫೋರ್ ವ್ಹೀಲ್ ಗಾಡಿ) ಕಂಪನಿಯ 195/80 ಆರ್15 ಟೈರೇ ಇದೆ. ಕಳೆದ ಆಷಾಢದಲ್ಲಿ ಎರಡು ಸಲ ಹುಗಿದು ಟ್ರ್ಯಾಕ್ಟರ್‌ನಿಂದ ಎಳೆಸಿದೆ. ಲಿಫ್ಟ್ ಕಿಟ್ (ಗಾಡಿಯ ಬಾಡಿ ಎತ್ತರಿಸುವ ಸಾಮಾನು) ಬೇಡ. ಗೆಳೆಯ "235/75 ಹಾಕು, ಏನೂ ಆಗೋದಿಲ್ಲ" ಅಂತಾನೆ. ಹಾಕಿಸಲಾ?

ಉತ್ತರ (ಕುಮಟಾದಲ್ಲಿ ಟೈರ್, ಅಲೈನ್‌ಮೆಂಟ್ ಕೆಲಸ ಮಾಡುವವನು): ಬೇಡ ಮಾರಾಯ್ರೆ. ಗೆಳೆಯರು ಗಾಡಿ ನಿಂತಿದ್ದಾಗ ನೋಡಿ ಹೇಳಿರಬೇಕು. ನಿಂತ ಗಾಡಿಗೆ ಎಲ್ಲ ಟೈರೂ ಕೂರುತ್ತವೆ.

ಲೆಕ್ಕ ನೋಡಿ. ಮೊದಲ ಅಂಕೆ ಟೈರಿನ ಅಗಲ (ಮಿಮೀ), ಎರಡನೆಯದು ಬದಿಯ ಎತ್ತರ ಅಗಲದ ಶೇಕಡಾ ಎಷ್ಟು ಅಂತ, ಆರ್15 ಅಂದರೆ 15 ಇಂಚಿನ ರಿಮ್. ನಿಮ್ಮ ಈಗಿನ ಟೈರಿನ ಎತ್ತರ 693 ಮಿಮೀ. 215/75 ಆರ್15 ಹಾಕಿದರೆ 703. 235/75 ಆದರೆ 733. ಅಂದರೆ 40 ಮಿಮೀ ಜಾಸ್ತಿ, ಅಗಲವೂ 40 ಜಾಸ್ತಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರಿನ ಒಳಬದಿ ಆಕ್ಸಲ್ ಹಿಡಿದಿರುವ ಆರ್ಮ್‌ಗೆ, ಹೊರಬದಿ ಬಂಪರಿನ ಕೆಳಮೂಲೆಗೆ ಹತ್ತಿರ ಬರುತ್ತದೆ. ಅದರ ಮೇಲೆ ಒಂದು ಚಕ್ರ ಹೊಂಡಕ್ಕಿಳಿದು ಇನ್ನೊಂದು ಮೇಲೆದ್ದರೆ ಲೈನರ್ (ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ) ಉಜ್ಜುವುದು ಗ್ಯಾರಂಟಿ. ಕಂಪನಿಯ ರಿಮ್ ಕೂಡ 5.5 ಇಂಚು. 235ಕ್ಕೆ ಕನಿಷ್ಠ 6 ಬೇಕು.

ಲಿಫ್ಟ್ ಇಲ್ಲದೆ 215/75 ಸಾಕು. ಅದೇ ರಿಮ್ಮಿಗೆ ಬರುತ್ತದೆ.

ಪ್ರಶ್ನೆ: ಹಾಗಾದ್ರೆ ಗಾಡಿ ಎಷ್ಟು ಎತ್ತರ ಆಗುತ್ತದೆ?

ಉತ್ತರ: 5 ಮಿಮೀ. ಅಷ್ಟೇ! ಟೈರ್ 10 ಮಿಮೀ ದೊಡ್ಡದಾದರೆ ಆಕ್ಸಲ್ ಏರುವುದು ಅದರ ಅರ್ಧ. ಗಾಡಿ ಹುಗಿದಿದ್ದು ಎತ್ತರ ಕಡಿಮೆಯಾಗಿ ಅಲ್ಲ. ಆ ರೋಡ್ ಟೈರಿನ ಸಂದಿಯಲ್ಲಿ ನಮ್ಮ ಕೆಂಪು ಮಣ್ಣು ತುಂಬಿಕೊಂಡರೆ ಟೈರ್ ಗಾಜಿನ ಬಾಟಲಿಯ ಹಾಗೆ ನುಣ್ಣಗಾಗುತ್ತದೆ. ನಿಮಗೆ ಬೇಕಾಗಿರೋದು ಆಲ್ ಟೆರೇನ್ ನಮೂನೆ, ಅಂದರೆ ಡಾಂಬರಿಗೂ ಮಣ್ಣಿಗೂ ಆಗುವ, ಅಗಲ ಸಂದಿಯ ಟೈರ್. ಬೇಕಾದರೆ 195/80ರಲ್ಲೇ ತಗೊಳ್ಳಿ. ರಾಡಿ ಶುರುವಾಗುವ ಕಡೆ ಗಾಳಿ 18 ಪಿಎಸ್‌ಐಗೆ ಇಳಿಸಿ. ಡಾಂಬರು ಮುಟ್ಟಿದ ಮೇಲೆ ಬಾಗಿಲ ಸ್ಟಿಕ್ಕರಿನಲ್ಲಿ ಬರೆದಷ್ಟು ತುಂಬಿಸಿ. ಒಂದು ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇರಲಿ.

ಇನ್ನೊಬ್ಬ ಸದಸ್ಯ (ಕಾರವಾರ): ನಾನು 215 ಹಾಕಿಸಿದ್ದೇನೆ. ಎಲ್ಲೋ ಸ್ವಲ್ಪ ತಾಗುವ ಶಬ್ದ ಬರುತ್ತದೆ, ಎಲ್ಲಿ ಅಂತ ಸಿಗುತ್ತಿಲ್ಲ. ಸ್ಪೇಸರ್ (ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆ) ಹಾಕಿದರೆ ಹೋಗುತ್ತದಾ?

ಉತ್ತರ: ಸ್ಪೇಸರ್ ಹಾಕಬೇಡಿ. ಚಕ್ರ ಹೊರಗೆ ಬಂದಷ್ಟೂ ತಿರುವಿನಲ್ಲಿ ದೊಡ್ಡ ಸುತ್ತು ಹಾಕುತ್ತದೆ, ಬಂಪರಿಗೇ ಬಂದು ಬಡಿಯುತ್ತದೆ. ಬೇರಿಂಗಿಗೂ ಭಾರ. ಜಾಗ ಹುಡುಕಲು ಸುಲಭದ ದಾರಿ ಇದೆ. ಗಾಡಿಯನ್ನು ರಾಡಿಯಲ್ಲಿ ಓಡಿಸಿ, ತೊಳೆಯದೆ ಒಂದು ದಿನ ಒಣಗಲು ಬಿಡಿ. ಮಾರನೇ ದಿನ ಒಂದು ಚಕ್ರವನ್ನು ಚಿರೇಕಲ್ಲಿನ ಮೇಲೆ ಹತ್ತಿಸಿ, ಸ್ಟೇರಿಂಗನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ. ಆಮೇಲೆ ಟಾರ್ಚ್ ಹಿಡಿದು ಒಳಗೆ ಬಗ್ಗಿ ನೋಡಿ. ಸುತ್ತಲೂ ಕೆಂಪು ಪುಡಿ ಮೆತ್ತಿರುತ್ತದೆ, ಒಂದೇ ಕಡೆ ಪ್ಲಾಸ್ಟಿಕ್ ಕಪ್ಪಗೆ ಹೊಳೆಯುತ್ತದೆ. ಅದೇ ಜಾಗ. ಮಡ್‌ಫ್ಲ್ಯಾಪ್ ಅಥವಾ ಲೈನರಿನ ಅಂಚಾದರೆ ಸ್ವಲ್ಪ ಕತ್ತರಿಸಿದರೆ ಸಾಕು. ಬ್ರೇಕ್ ಹೋಸ್ ಹತ್ತಿರ ಹೊಳೆಯುತ್ತಿದ್ದರೆ ಮಾತ್ರ ಆ ಟೈರ್ ಬಿಚ್ಚಿ, ಮತ್ತೆ ಓಡಿಸಲೇಬೇಡಿ.

ಪ್ರಶ್ನೆ (ಶಿರಸಿಯವರು): ನಾಲ್ಕೇ ಬದಲಿಸಿ ಸ್ಟೆಪ್ನಿ ಹಳೆಯದೇ ಇಟ್ಟರೆ ನಡೆಯುತ್ತದಾ? ದುಡ್ಡಿನ ವಿಷಯ ನೋಡಿ. ಆರ್‌ಟಿಒ ತಕರಾರು?

ಉತ್ತರ: 215ಕ್ಕೆ ಹೋದರೆ ಐದೂ ಬದಲಿಸಿ. ದೇವಿಮನೆ ಘಟ್ಟದಲ್ಲಿ ಪಂಕ್ಚರ್ ಆಗಿ ಹಳೇ ಸ್ಟೆಪ್ನಿ ಹಾಕಿ, ಹಾಗೇ ಫೋರ್ ವ್ಹೀಲ್ ಹಾಕಿಕೊಂಡು ಡಾಂಬರಿನಲ್ಲಿ ಬಂದರೆ ಗೇರ್‌ಗಳು ಒಂದಕ್ಕೊಂದು ಎಳೆದಾಡುತ್ತವೆ. ಟೈರಿನ ಉಳಿತಾಯ ಟ್ರಾನ್ಸ್‌ಫರ್ ಕೇಸಿಗೆ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹೋಗುತ್ತದೆ.

ಕಾನೂನಿನ ವಿಷಯಕ್ಕೆ ಬಂದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಅದನ್ನೇ ಹೇಳಿದೆ. ಅಳತೆ ಬದಲಿಸುವ ಮುಂಚೆ ವಿಮೆಯವರ ಹತ್ತಿರ ಬರಹದಲ್ಲಿ ಕೇಳಿಕೊಳ್ಳಿ. ಟೈರಿನ ಮೇಲೆ ಬರೆದಿರುವ ಲೋಡ್ ನಂಬರ್ (ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ಅಂಕೆ) ಈಗಿನದಕ್ಕಿಂತ ಕಡಿಮೆ ಇರಬಾರದು. ಈ ರಗಳೆಯೇ ಬೇಡ ಅನ್ನಿಸಿದರೆ 195/80 ಆಲ್ ಟೆರೇನ್ ಹಾಕಿಸಿ. ನಾನಾದರೆ ಅದನ್ನೇ ಹಾಕಿಸುತ್ತಿದ್ದೆ.

ಪ್ರಶ್ನೆ ಕೇಳಿದವರು: ಸರಿ ಅಣ್ಣ, 195ರಲ್ಲೇ ಆಲ್ ಟೆರೇನ್. ಮಳೆ ಹಿಡಿಯುವ ಮುಂಚೆ ಬರುತ್ತೇನೆ.