ಸಹಾಯ ಬೇಕು: ಅಮೆರಿಕದ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಅನ್ನು ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ಲೈಸೆನ್ಸ್‌ಗೆ ಬದಲಾಯಿಸಿಕೊಳ್ಳುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಫ್ಲೋರಿಡಾದಲ್ಲಿ ಪೈಲಟ್ ತರಬೇತಿ ಮುಗಿಸಿ, ಎಫ್‌ಎಎ (ಅಮೆರಿಕದ ವಿಮಾನಯಾನ ಸಂಸ್ಥೆ) ಕೊಡುವ ಕಮರ್ಷಿಯಲ್ ಲೈಸೆನ್ಸ್ ಪಡೆದು ದಾವಣಗೆರೆಗೆ ವಾಪಸ್ ಬಂದಿದ್ದೇನೆ. ಇಲ್ಲೇ ಏರ್‌ಲೈನ್ ಕೆಲಸ ಹಿಡಿಯಬೇಕು ಅನ್ನೋದು ಆಸೆ.

ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ಆರೋಗ್ಯ ತಪಾಸಣೆ) ಬೆಂಗಳೂರಿನಲ್ಲಿ ಆಯ್ತು. ಏರ್ ರೆಗ್ಯುಲೇಷನ್ (ವಿಮಾನಯಾನ ನಿಯಮಗಳು) ಪರೀಕ್ಷೆಗೆ ಓದುತ್ತಿದ್ದೇನೆ, ಅದರ ಚಿಂತೆ ಇಲ್ಲ.

ತಲೆಬಿಸಿ ಇರೋದು ಹಾರಾಟದ ದಾಖಲೆ ಬರೆಯುವ ಲಾಗ್‌ಬುಕ್‌ದು. ಡಿಜಿಸಿಎ ಒಟ್ಟು 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ಪೈಲಟ್-ಇನ್-ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ ಹಾರಿದ್ದು ಕೇಳುತ್ತದೆ. ಅಷ್ಟು ಇದೆ. ಆದರೆ 300 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿಯಲ್ಲಿ (ಊರಿಂದೂರಿಗೆ ಹಾರುವ ದೂರದ ಹಾರಾಟ) ಎರಡು ಬೇರೆ ಏರ್‌ಪೋರ್ಟ್‌ಗಳಲ್ಲಿ ವಿಮಾನ ಪೂರ್ತಿ ನಿಲ್ಲಿಸಿದ ಲ್ಯಾಂಡಿಂಗ್ ಬೇಕಲ್ವಾ? ನನ್ನ ಲಾಗ್‌ಬುಕ್‌ನಲ್ಲಿ ಏರ್‌ಪೋರ್ಟ್ ಕೋಡ್‌ಗಳು, ಲ್ಯಾಂಡಿಂಗ್ ಸಂಖ್ಯೆ ಮಾತ್ರ ಇವೆ. 'ಫುಲ್ ಸ್ಟಾಪ್' ಅಂತ ಎಲ್ಲೂ ಬರೆದಿಲ್ಲ. ಫ್ಲೈಯಿಂಗ್ ಸ್ಕೂಲ್‌ನಿಂದ ಪತ್ರ ತಂದರೆ ಒಪ್ಪುತ್ತಾರಾ?

ಇನ್ನೊಂದು ವಿಷಯ. ಚೆಕ್ ಫ್ಲೈಟ್ (ಪರೀಕ್ಷಕರ ಮುಂದೆ ಹಾರಿ ತೋರಿಸೋದು) ಲೈಸೆನ್ಸ್ ಅರ್ಜಿ ಹಾಕುವ ದಿನಕ್ಕೆ ಹಿಂದಿನ 6 ತಿಂಗಳೊಳಗಿನದ್ದಾಗಿರಬೇಕು. ಹಾಗಾಗಿ ಪರೀಕ್ಷೆಗಳೆಲ್ಲ ಪಾಸಾದ ಮೇಲೇ ಹಾರೋದು ಒಳ್ಳೆಯದು ಅನಿಸುತ್ತದೆ. ಮೊದಲೇ ಹಾರಿದರೆ ಸುಮ್ನೆ ದುಡ್ಡು ದಂಡ. ಜಕ್ಕೂರು, ಮೈಸೂರು, ಕಲಬುರಗಿ ಕಡೆ ಇತ್ತೀಚೆಗೆ ಚೆಕ್ ಫ್ಲೈಟ್ ಮಾಡಿಸಿಕೊಂಡವರು ಇದ್ದೀರಾ? ಚೆಕ್ ಫ್ಲೈಟ್‌ನ ರಾತ್ರಿ ಹಾರಾಟಕ್ಕೆ ಎಲ್ಲಿ ಬೇಗ ಸ್ಲಾಟ್ ಸಿಗುತ್ತದೆ, ಖರ್ಚು ಎಷ್ಟಾಯಿತು ತಿಳಿಸಿ. ಅಪ್ಪ ಜಮೀನಿನ ಮೇಲೆ ಸಾಲ ಮಾಡಿ ಕಳಿಸಿದ್ದರು, ಲೆಕ್ಕ ಹಾಕಿಯೇ ಹೆಜ್ಜೆ ಇಡಬೇಕು.