‘ಎಣ್ಣಿ’ ಅಂದರೆ ಯಾವ ಎಣ್ಣಿ?

ಎಲ್ಲರಿಗೂ ಶರಣು.

ತೊಗರಿ ಬೆಳೆಗಾರರಿಗೆ ಒಂದು ಕರಪತ್ರ ಬರೆಯುತ್ತಿದ್ದೇನೆ: ಕೀಟನಾಶಕ ಮೈ ಸೇರಿದರೆ ಕೊಬ್ಬಿನ ಚಯಾಪಚಯ (ಮೈ ಅದನ್ನು ಕೂಡಿಸಿ, ಕರಗಿಸುವ ಕ್ರಿಯೆ) ಹೇಗೆ ಕೆಡುತ್ತದೆ ಅಂತ. ಕರಡನ್ನು ಆಳಂದ ಕಡೆಯ ನಮ್ಮ ಕಾಕಾಗೆ ಓದಿ ಹೇಳಿದೆ. ‘ಇಲಿಗಳಿಗೆ ಎಣ್ಣೆಯಂಶ ಹೆಚ್ಚಿರುವ ಆಹಾರದ ಜೊತೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಕೊಟ್ಟರು’ ಎಂಬಲ್ಲಿ ತಡೆದರು. “ಎಣ್ಣಿ ಎರಡು ಸಲ ಹಾಕಿದ್ರೇನು? ಇಲಿ ಹೆಂಗ ಉಳೀತು?”

ಕಲಬುರಗಿ ಸೀಮೆಯಲ್ಲಿ ಬೆಳೆಗೆ ಸಿಂಪಡಿಸುವ ಔಷಧಿಗೆ ‘ಎಣ್ಣಿ’ ಅಂತಲೇ ಹೆಸರು. ‘ತೊಗರಿಗೆ ಎಣ್ಣಿ ಹೊಡದೀರೇನು?’ ಎಂದರೆ ಯಾರಿಗೂ ಕುಸುಬಿ ಎಣ್ಣೆ ನೆನಪಾಗುವುದಿಲ್ಲ. (ಬೆಂಗಳೂರಿನಲ್ಲಿ ‘ಎಣ್ಣೆ ಹೊಡೆಯೋದು’ ಬೇರೆಯೇ ಕಥೆ.) ಕ್ಲೋರ್‌ಪೈರಿಫಾಸ್ 20 ಇ.ಸಿ. (ನೀರಿಗೆ ಬೆರೆಸಿ ಹೊಡೆಯುವ ದ್ರಾವಣ) ಜಿಡ್ಡು ಜಿಡ್ಡಾಗಿದ್ದು, ನೀರಿಗೆ ಬಿದ್ದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಹೆಸರು ಬಂದದ್ದು ಇದರಿಂದಲೇ ಇರಬೇಕು ಎಂದು ನನ್ನ ಊಹೆ.

ಕೊಬ್ಬಿನದು ಇನ್ನೊಂದು ಪೇಚು. ‘ಕೊಬ್ಬು’ ಎಂದರೆ ಸೊಕ್ಕು. ನಮ್ಮಲ್ಲಿ ಬಳಕೆಯ ‘ಚರ್ಬಿ’ಗೂ ಅದೇ ಅರ್ಥ ಅಂಟಿಕೊಂಡಿದೆ. ‘ಇಲಿಗೆ ಚರ್ಬಿ ಏರಿತು’ ಎಂದು ಬರೆದರೆ ನಗುತ್ತಾರೆ. ‘ನೆಣ’ ಹಳೆಯ ಒಳ್ಳೆಯ ಪದ, ಆದರೆ ಮಾಂಸದಂಗಡಿ ದಾಟಿ ಬರುವುದಿಲ್ಲ. ‘ಮೇದಸ್ಸು’ ಪಠ್ಯಪುಸ್ತಕದ್ದು.

‘ಚಯಾಪಚಯ’ವನ್ನು ಮಾತ್ರ ಬಿಡಲು ಮನಸ್ಸಿಲ್ಲ. ಚಯ ಎಂದರೆ ಕೂಡುವುದು, ಅಪಚಯ ಎಂದರೆ ಕಳೆಯುವುದು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಟ್ಟದ್ದು ಈ ಕಳೆಯುವ ಲೆಕ್ಕವೇ. ಕಂದು ಕೊಬ್ಬು ಒಲೆಯಂತೆ, ತಿಂದದ್ದನ್ನು ಸುಟ್ಟು ಶಾಖ ಮಾಡುತ್ತದೆ. ಅವರು 34 ಕೀಟನಾಶಕ, ಕಳೆನಾಶಕಗಳನ್ನು ಕಂದು ಕೊಬ್ಬಿನ ಜೀವಕೋಶಗಳ ಮೇಲೆ ಪರೀಕ್ಷಿಸಿದರು. ಒಲೆಯನ್ನು ಹೆಚ್ಚು ತಣ್ಣಗಾಗಿಸಿದ್ದು ಕ್ಲೋರ್‌ಪೈರಿಫಾಸ್. ಬೆಚ್ಚನೆಯ ಗೂಡಿನಲ್ಲಿಟ್ಟು ಕೊಬ್ಬಿನ ಆಹಾರ ಕೊಟ್ಟ ಇಲಿಗಳಿಗೆ ಅದರಿಂದ ಬೊಜ್ಜು ಹೆಚ್ಚಿತು, ಯಕೃತ್ತಿನಲ್ಲಿ ಕೊಬ್ಬು ತುಂಬಿತು, ಮೈ ಇನ್ಸುಲಿನ್‌ನ ಮಾತು ಕೇಳದಾಯಿತು. ಇದು ಇಲಿಯ ಮಾತು, ಮನುಷ್ಯರದಲ್ಲ. ಅದನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲೇ ಹಾಕುತ್ತೇನೆ.

ನನ್ನ ಪ್ರಶ್ನೆ ಇಷ್ಟು. ‘ಕೀಟನಾಶಕಕ್ಕೆ ಒಡ್ಡಿಕೊಳ್ಳುವಿಕೆ’ ಎಂಬ ಗೋಡೆಯಂಥ ಮಾತಿನ ಬದಲು ‘ಮೈಗೆ ಎಣ್ಣಿ ಹತ್ತೋದು’ ಎಂದೇ ಬರೆದು, ಅಡುಗೆಯದನ್ನು ‘ಒಳ್ಳೆಣ್ಣಿ’ ಎಂದು ಬೇರ್ಪಡಿಸಿದರೆ ನಡೆದೀತೆ? ಬೀದರ, ಯಾದಗಿರಿ ಕಡೆಯವರು ‘ಒಳ್ಳೆಣ್ಣಿ’ ಅಂದರೆ ಏನೆಂದು ತಿಳಿಯುತ್ತಾರೆ? ಎಣ್ಣಿ ಎಂಬ ಈ ಹೆಸರು ಕೃಷ್ಣೆಯ ದಕ್ಷಿಣಕ್ಕೆ ಎಲ್ಲಿಯವರೆಗೆ ಇಳಿದಿದೆ?